ಜೀವಕೋಶದ ಪೊರೆಯಲ್ಲಿ ವಿದ್ಯುಚ್ಛಕ್ತಿಯು ನಿಲ್ಲುವ ಬಗೆ

(ಮಹೋತ್ಸವದ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ದೇಹದಲ್ಲಿ ವಿದ್ಯುಚ್ಛಕ್ತಿಯುಂಟೆಂಬ ಮಾತು ಈಗ ಎಲ್ಲರ ಬಾಯಲ್ಲಿಯೂ ಕೇಳಿಬರುತ್ತದೆ. ಆಸ್ಪತ್ರೆಯಲ್ಲಿ ಎದೆಗೆ ತಂತಿಗಳನ್ನು ಅಂಟಿಸಿ, ಹೃದಯದ ಬಡಿತವನ್ನು ಕಾಗದದ ಮೇಲೆ ಬರೆಯಿಸಿಕೊಂಡು ಬಂದವರು ಅದನ್ನು ಕಣ್ಣಾರೆ ಕಂಡೂ ಇರುವರು. ಆದರೆ ಆ ಶಕ್ತಿಯು ಎಲ್ಲಿ ಹುಟ್ಟುತ್ತದೆ, ಹುಟ್ಟಿದುದು ಹೇಗೆ ನಿಲ್ಲುತ್ತದೆ ಎಂದು ಕೇಳಿದರೆ, ಅದೇ ಪ್ರಾಣವು, ಹಿರಿಯರು ಇದನ್ನೆಲ್ಲ ಮೊದಲೇ ಅರಿತಿದ್ದರು ಎಂದು ಹೇಳಿ ಮಾತನ್ನು ಮುಗಿಸುವವರು ಬಹುಮಂದಿ. ಈ ಉತ್ತರವು ಕಿವಿಗೆ ಹಿತವಾದುದಾದರೂ ಸಡಿಲವಾದುದು. ಅನುಭಾವಿಗಳು ಪ್ರಾಣವೆಂದಾಗ ಅಳತೆಗೋಲಿಗೆ ಸಿಕ್ಕುವ ವಸ್ತುವನ್ನು ಕುರಿತು ಹೇಳಲಿಲ್ಲ. ಇಲ್ಲಿ ವಿಚಾರಿಸತಕ್ಕ ವಿದ್ಯುತ್ತಾದರೋ ಉಪ್ಪಿನ ಕಣಗಳಿಂದ ಆದುದು, ಅಳತೆಗೆ ಸಿಕ್ಕುವಂಥದು. ಎರಡನ್ನೂ ಬೆರಸಿದರೆ ಎರಡಕ್ಕೂ ಅನ್ಯಾಯವಾಗುವುದು.

ದೇಹವೆಲ್ಲವೂ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆಯಷ್ಟೆ. ಪ್ರತಿಯೊಂದು ಕೋಶದ ಸುತ್ತಲೂ ಕೊಬ್ಬಿನ ಎರಡು ಪದರಗಳುಳ್ಳ ಒಂದು ಪೊರೆಯಿದೆ. ಅದರ ದಪ್ಪವು ಒಂದು ಮಿಲಿಮೀಟರಿನ ಸುಮಾರು 2 ಲಕ್ಷದ ಒಂದು ಪಾಲು. ಪೊರೆಯ ಒಳಗೂ ಹೊರಗೂ ಇರುವುದು ಉಪ್ಪು ನೀರೇ. ಆದರೆ ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುದಂಶವುಳ್ಳ ಕಣಗಳಾಗಿ ಒಡೆಯುತ್ತದೆ. ಇವಕ್ಕೆ ಅಯಾನುಗಳೆಂದು ಹೆಸರು. ಸೋಡಿಯಂ ಮತ್ತು ಪೊಟ್ಯಾಸಿಯಂ ಎಂಬ ಎರಡು ಅಯಾನುಗಳೂ ಧನಾಂಶವುಳ್ಳವು. ಸೋದರರಂತಿರುವ ಈ ಎರಡರ ವಾಸವು ಮಾತ್ರ ಬೇರೆ ಬೇರೆ. ಲೀಟರಿಗೆ ಮಿಲಿಮೋಲ್ ಎಂಬ ಮಾನದಲ್ಲಿ ಹೇಳುವುದಾದರೆ, ಪೊಟ್ಯಾಸಿಯಂ ಕೋಶದ ಒಳಗೆ ಸುಮಾರು 140, ಹೊರಗೆ 4 ಅಥವಾ 5. ಸೋಡಿಯಂ ಹೊರಗೆ ಸುಮಾರು 145, ಒಳಗೆ 10ರಿಂದ 15. ಸಕಲ ವ್ಯವಹಾರವೂ ಈ ಅಸಮತೆಯಿಂದಲೇ ನಡೆಯುವುದು.

ಸತ್ತ ಕಪ್ಪೆಯ ಕಾಲು ಲೋಹದ ಸ್ಪರ್ಶದಿಂದ ಅದುರುವುದನ್ನು ಕಂಡು, ಇಟಲಿಯ ಬೊಲೋನ ನಗರದ ಗಾಲ್ವಾನಿ ಎಂಬ ವಿದ್ವಾಂಸನು 1791ರಲ್ಲಿ ಗ್ರಂಥವನ್ನು ಪ್ರಕಟಿಸಿದ ಕಥೆಯು ಶಾಲೆಯ ಮಕ್ಕಳಿಗೂ ತಿಳಿದಿದೆ. ಆದರೆ ಪೊರೆಯೇ ಇದಕ್ಕೆಲ್ಲ ಆಸ್ಥಾನವೆಂಬ ಸಿದ್ಧಾಂತವನ್ನು 1902ರಲ್ಲಿ ಹೇಳಿದವನು ಜರ್ಮನಿಯ ಬರ್ನ್‌ಸ್ಟೈನ್. ಅದರ ತಾತ್ಪರ್ಯವಿಷ್ಟು: ವಿಶ್ರಾಂತಿಯಲ್ಲಿರುವ ಪೊರೆಯು ಪೊಟ್ಯಾಸಿಯಂಗೆ ಮಾತ್ರ ದಾರಿ ಕೊಡುವುದು. ಕೆರೆಗೆ ತೂಬು ಹೇಗೋ, ಪೊರೆಗೆ ಪೊಟ್ಯಾಸಿಯಂನ ದಾರಿಯು ಹಾಗೆ. ಒಳಗೆ ಹೆಚ್ಚಾಗಿರುವ ಪೊಟ್ಯಾಸಿಯಂ ಆ ತೂಬಿನಿಂದ ಹೊರಕ್ಕೆ ಜಾರುವುದು. ಜಾರುವಾಗ ತನ್ನ ಧನಾಂಶವನ್ನೂ ಕೂಡ ಒಯ್ಯುವುದು. ಅದರ ಜೊತೆಗಿದ್ದ ಋಣಾಂಶದ ದೊಡ್ಡ ಕಣಗಳು, ಪ್ರೋಟೀನು ಮೊದಲಾದವು, ಹೊರಬರಲಾರದೆ ಒಳಗೇ ಉಳಿಯುವವು. ಹೀಗೆ ಒಳಭಾಗವು ಋಣವೂ ಹೊರಭಾಗವು ಧನವೂ ಆಗುವುದು. ಒಳಗಿನ ಋಣಾಂಶವು ಬೆಳೆದಂತೆ ಅದು ಪೊಟ್ಯಾಸಿಯಂ ಕಣಗಳನ್ನು ಹಿಂದಕ್ಕೆ ಸೆಳೆಯತೊಡಗುವುದು. ಹೊರದೂಡುವ ಬಲವೂ ಒಳಸೆಳೆಯುವ ಬಲವೂ ಸಮವಾದಲ್ಲಿ ಓಟವು ನಿಲ್ಲುವುದು. ಮೇಲೆ ಹೇಳಿದ ಲೆಕ್ಕಕ್ಕೆ ಆ ನಿಲುಗಡೆಯು ಸುಮಾರು 90 ಮಿಲಿವೋಲ್ಟ್. ಸೋಡಿಯಂ ಸ್ವಲ್ಪಸ್ವಲ್ಪವಾಗಿ ಒಳಗೆ ನುಸುಳುವುದರಿಂದ ನರಕೋಶದಲ್ಲಿ ಅದು 70ರ ಆಸುಪಾಸಿಗೆ ಇಳಿಯುವುದು. 70 ಮಿಲಿವೋಲ್ಟೆಂದರೆ ಅತ್ಯಲ್ಪವೆಂದು ಎಣಿಸಬಾರದು. ಪೊರೆಯ ತೆಳುವನ್ನು ನೆನೆದು ಸೆಂಟಿಮೀಟರಿನ ಲೆಕ್ಕಕ್ಕೆ ತಂದರೆ ಅದು 1 ಲಕ್ಷ ವೋಲ್ಟನ್ನು ಮೀರುವುದು!

ಇಲ್ಲಿ ಬುದ್ಧಿವಂತರಿಗೆ ಒಂದು ಸಂದೇಹವು ಬರತಕ್ಕದ್ದೇ. ಸೋಡಿಯಂ ಕಣವು ಪೊಟ್ಯಾಸಿಯಂಗಿಂತ ಚಿಕ್ಕದು; ದೊಡ್ಡದು ಹೋಗುವ ತೂಬಿನಲ್ಲಿ ಚಿಕ್ಕದೇಕೆ ಹೋಗಲಾರದು? 1998ರಲ್ಲಿ ಅಮೆರಿಕದ ಮ್ಯಾಕಿನನ್ ಎಂಬವರು ಆ ತೂಬಿನ ರಚನೆಯನ್ನೇ ಕ್ಷಕಿರಣಗಳಿಂದ ಬಯಲಿಗೆ ತಂದಾಗ ಉತ್ತರವು ಸ್ಪಷ್ಟವಾಯಿತು. ನೀರಿನಲ್ಲಿರುವ ಪ್ರತಿ ಅಯಾನೂ ನೀರಿನ ಹೊದಿಕೆಯನ್ನು ಹೊದ್ದಿರುವುದು. ತೂಬಿನೊಳಕ್ಕೆ ಹೋಗಬೇಕಾದರೆ ಅದನ್ನು ಕಳಚಬೇಕು. ತೂಬಿನ ಒಳಗೋಡೆಯ ಆಮ್ಲಜನಕದ ಪರಮಾಣುಗಳು ಪೊಟ್ಯಾಸಿಯಂನ ಅಳತೆಗೆ ಸರಿಯಾಗಿ ನಿಂತು, ಕಳಚಿದ ಹೊದಿಕೆಗೆ ಬದಲಾಗಿ ಅದನ್ನು ಆದರಿಸುವವು. ಸೋಡಿಯಂ ಚಿಕ್ಕದಾದುದರಿಂದಲೇ ಅವುಗಳ ಕೈಗೆ ಸಿಕ್ಕದೆ, ಹೊದಿಕೆಯನ್ನು ಕಳಚಲೊಲ್ಲದೆ ಹೊರಗೇ ನಿಲ್ಲುವುದು.

ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲೀ ಎಂಬವರು 1939ರಲ್ಲಿ ಪ್ಲಿಮತ್ ಎಂಬಲ್ಲಿ, ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪನೆಯ ನರತಂತುವಿನೊಳಕ್ಕೇ ತಂತಿಯನ್ನು ಇಳಿಸಿ ಈ ವಿದ್ಯುದಂತರವನ್ನು ನೇರವಾಗಿ ಅಳೆದರು. ನರದಲ್ಲಿ ಸುದ್ದಿಯು ಹರಿಯುವಾಗ ಸೋಡಿಯಂ ಕ್ಷಣಮಾತ್ರ ಒಳನುಗ್ಗುವುದೆಂಬುದು ಅವರು 1952ರಲ್ಲಿ ಪ್ರಕಟಿಸಿದ ಲೇಖನಗಳಿಂದ ಸ್ಥಿರಪಟ್ಟಿತು.

ಆದರೆ ಮುಖ್ಯವಾದ ತೊಡಕು ಉಳಿದೇ ಇದೆ. ಸೋಡಿಯಂ ನುಸುಳುತ್ತಲೂ ಪೊಟ್ಯಾಸಿಯಂ ಜಾರುತ್ತಲೂ ಇದ್ದರೆ ಒಳಗೂ ಹೊರಗೂ ಒಂದೇ ಸಮನಾಗಲು ತಡವೇನು? ತಗ್ಗಿಗೆ ಹರಿದ ನೀರನ್ನು ಮತ್ತೆ ಮೇಲಕ್ಕೆ ಎತ್ತುವ ಏತವೊಂದು ಇರಲೇಬೇಕು. ಅದನ್ನು ಕಂಡುಹಿಡಿದವರು ಡೆನ್ಮಾರ್ಕಿನ ಸ್ಕೌ ಎಂಬ ವೈದ್ಯರು. ಅವರು ಏತವನ್ನು ಅರಸಿ ಹೊರಟವರಲ್ಲ. ನೋವರಿಯದಂತೆ ಮರಗಟ್ಟಿಸುವ ಔಷಧಗಳು ಹೇಗೆ ಕೆಲಸ ಮಾಡುವವೆಂದು ತಿಳಿಯಹೊರಟವರು. ಏಡಿಯ ಕಾಲಿನ ನರಗಳನ್ನು ಅರೆದು ನೋಡುವಾಗ, ಸೋಡಿಯಂ ಪೊಟ್ಯಾಸಿಯಂಗಳೆರಡೂ ಕೂಡಿದಲ್ಲಿ ಬಲಗೊಂಡು, ಎ.ಟಿ.ಪಿ. ಎಂಬ ಶಕ್ತಿದ್ರವ್ಯವನ್ನು ಒಡೆಯುವ ಒಂದು ಕಿಣ್ವವು ದೊರೆಯಿತು. ಇದನ್ನು 1957ರಲ್ಲಿ ಪ್ರಕಟಿಸಿದರು. ನೊಬೆಲ್ ಬಹುಮಾನವು ಬಂದುದು 40 ವರ್ಷಗಳ ತರುವಾಯ, 1997ರಲ್ಲಿ. ಆ ಕಿಣ್ವವೇ ಏತವು. ಒಂದು ಎ.ಟಿ.ಪಿ. ಅಣುವನ್ನು ವೆಚ್ಚಮಾಡಿ ಅದು 3 ಸೋಡಿಯಂ ಕಣಗಳನ್ನು ಹೊರಹಾಕಿ, 2 ಪೊಟ್ಯಾಸಿಯಂ ಕಣಗಳನ್ನು ಒಳತರುವುದು.

ಮೂರು ಹೋಗಿ ಎರಡು ಬಂದುದರಿಂದಲೇ ಒಳಭಾಗವು ಋಣವಾಯಿತೆಂದು ಕೆಲವು ಪುಸ್ತಕಗಳಲ್ಲಿಯೂ ಬರೆದಿರುವುದುಂಟು. ಅದು ಪೂರ್ಣ ಸತ್ಯವಲ್ಲ. ಅದರಿಂದ ನೇರವಾಗಿ ಬರುವುದು ಕೆಲವೇ ಮಿಲಿವೋಲ್ಟ್. ವಿದ್ಯುದಂತರವನ್ನು ಹುಟ್ಟಿಸುವುದು ತೂಬು, ಕೆರೆಯು ಬತ್ತದಂತೆ ನೋಡುವುದು ಏತ. ದೊಡ್ಡ ನರತಂತುವಿನಲ್ಲಿ ವಿಷವಿಕ್ಕಿ ಏತವನ್ನು ನಿಲ್ಲಿಸಿದರೂ, ಕೂಡಿಟ್ಟುದು ಕರಗುವತನಕ ಅದು ಸುದ್ದಿಯನ್ನು ಸಾಗಿಸುತ್ತಲೇ ಇರುವುದೆಂದು ಪ್ರಯೋಗದಿಂದ ತಿಳಿದುಬಂದಿದೆ.

ಮನುಷ್ಯನು ಸುಮ್ಮನೆ ಮಲಗಿದ್ದರೂ ಅವನು ಉಂಡ ಅನ್ನದ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು ಈ ಏತಗಳಿಗೇ ಸಲ್ಲುವುದು. ಮಿದುಳಿನಲ್ಲಿ ಸುಮಾರು ಅರ್ಧವೇ ಸಲ್ಲುವುದು. ಇದನ್ನು ಕಾಯಕವೆಂದು ಕರೆಯಲು ಭಕ್ತರ ನಾಲಗೆಯು ತವಕಿಸುವುದು ಸಹಜ. ಆದರೆ ಕಾಯಕಕ್ಕೆ ಅರಿವು ಬೇಕು, ಕಿಣ್ವಕ್ಕೆ ಅದಿಲ್ಲ.

ಈ ವಿಷಯವು ಪಂಡಿತರ ಚರ್ಚೆಗೆ ಮಾತ್ರ ಸಲ್ಲತಕ್ಕದ್ದಲ್ಲ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರೊಳಗೆ ಇರತಕ್ಕದ್ದು. ಹೆಚ್ಚಾದುದನ್ನು ಮೂತ್ರಪಿಂಡಗಳು ಹೊರಹಾಕುವವು. ಅವು ಕೆಟ್ಟವರಲ್ಲಿ ಅದು ರಕ್ತದಲ್ಲಿಯೇ ಏರುವುದು. ಹೊರಗೆ ಏರಿದರೆ ಒಳಹೊರಗಿನ ಅಂತರವು ಕುಗ್ಗುವುದು. ಅಂತರವು ಕುಗ್ಗಿದರೆ ಹೃದಯದ ಕೋಶಗಳು ಬಡಿತದಿಂದ ಬಡಿತಕ್ಕೆ ಅಣಿಯಾಗಲಾರದೆ, ಲಯತಪ್ಪಿ, ಹೃದಯವು ನಿಂತೇ ಹೋಗಬಹುದು. ರೋಗಿಯನ್ನು ಕಾಣಹೋಗುವವರು ಎಳನೀರನ್ನೂ ಬಾಳೆಯ ಹಣ್ಣನ್ನೂ ಒಯ್ಯುವುದು ಈ ನಾಡಿನ ಸದಾಚಾರ. ಅವೆರಡರಲ್ಲಿಯೂ ಪೊಟ್ಯಾಸಿಯಂ ಹೇರಳವಾಗಿದೆ. ಆರೋಗ್ಯವಂತರಿಗೆ ಅಮೃತಸಮಾನವಾದ ಎಳನೀರು ಮೂತ್ರಪಿಂಡ ಕೆಟ್ಟವರಿಗೆ ಪ್ರಾಣಾಂತಕವಾಗಬಲ್ಲುದು. ಪ್ರಸಾದವೆಂದು ಕೊಟ್ಟರೂ ಪೊಟ್ಯಾಸಿಯಂ ಪೊಟ್ಯಾಸಿಯಂ ಆಗಿಯೇ ಇರುವುದು; ವೈದ್ಯರನ್ನು ಕೇಳದೆ ಅಂಥವರಿಗೆ ಕೊಡತಕ್ಕದ್ದಲ್ಲ. ಬೇಡವೆಂದ ರೋಗಿಯನ್ನು ಶ್ರದ್ಧೆಯಿಲ್ಲದವನೆಂದು ಹಳಿಯುವುದೂ ಸಲ್ಲದು.

ಇಂಥ ಉತ್ಸವಗಳಲ್ಲಿ ಈಗ ರಕ್ತದಾನವೂ ನಡೆಯುವುದುಂಟು. ದಾನವಾದ ರಕ್ತವನ್ನು 2ರಿಂದ 6 ಡಿಗ್ರಿಗಳ ಶೀತದಲ್ಲಿ ಇಡುವರು. ಆ ಚಳಿಯಲ್ಲಿ ಕೆಂಪು ಕಣಗಳ ಏತವು ಬಹುಮಟ್ಟಿಗೆ ನಿಂತುಹೋಗಿ, ದಿನದಿನಕ್ಕೂ ಅವುಗಳ ಪೊಟ್ಯಾಸಿಯಂ ಹೊರಗಿನ ದ್ರವಕ್ಕೆ ಸೋರುವುದು. ಮತ್ತೊಬ್ಬರ ಮೈಗೆ ಸೇರಿ, ಅಲ್ಲಿಯ ಬಿಸುಪೂ ಸಕ್ಕರೆಯೂ ದೊರೆತೊಡನೆ ಏತವು ಪುನಃ ನಡೆಯತೊಡಗುವುದು. ಸೋರಿಹೋದ ಪೊಟ್ಯಾಸಿಯಂ ಮೆಲ್ಲಮೆಲ್ಲನೆ ಕಣದೊಳಕ್ಕೆ ತುಂಬಿಕೊಳ್ಳುವುದು.