ಮುಚ್ಚಿದ ಕಿಟಕಿ

ಮಾರ್ಟಿನ್ ಸ್ಕೋರ್ಸೆಸಿ 1993ರಲ್ಲಿ ತೆರೆಗೆ ತಂದ ‘ದಿ ಏಜ್ ಆಫ್ ಇನೊಸೆನ್ಸ್’ ಚಿತ್ರವನ್ನು ನೀವು ನೋಡಿದ್ದರೆ, ಕೊನೆಯಲ್ಲಿ ಒಂದು ಪ್ರಶ್ನೆ ನಿಮ್ಮನ್ನೂ ಕಾಡಿರಬೇಕು: ಆತ ಮಹಡಿ ಹತ್ತಲಿಲ್ಲವೇಕೆ?

ಈಡಿತ್ ವಾರ್ಟನ್ 1920ರಲ್ಲಿ ಪ್ರಕಟಿಸಿದ ಕಾದಂಬರಿಯೇ ಚಿತ್ರಕ್ಕೆ ಆಧಾರ. ಕಥೆ ನಡೆಯುವುದು 1870ರ ದಶಕದ ನ್ಯೂಯಾರ್ಕಿನ ಸಿರಿವಂತರ ನಡುವೆ. ಅಲ್ಲಿ ಯಾರೂ ಮನಸ್ಸಿನ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲವೂ ಸನ್ನೆಯಲ್ಲೇ. ವಕೀಲ ನ್ಯೂಲ್ಯಾಂಡ್ ಆರ್ಚರ್ ಮದುವೆಯಾದದ್ದು ಮೇ ಎಂಬಾಕೆಯನ್ನು. ಮನಸೋತದ್ದು ಆಕೆಯ ಸೋದರಸಂಬಂಧಿ ಎಲೆನ್‌ಗೆ. ಎಲೆನ್ ಯೂರೋಪಿಗೆ ಹೊರಟುಹೋಗುತ್ತಾಳೆ. ವರ್ಷಗಳುರುಳುತ್ತವೆ. ಮೇ ತೀರಿಕೊಂಡ ಬಳಿಕ, ಐವತ್ತೇಳರ ಆರ್ಚರ್ ಮಗನೊಡನೆ ಪ್ಯಾರಿಸ್ಸಿನಲ್ಲಿ ಎಲೆನ್‌ಳ ಮನೆಯ ಕೆಳಗೆ ನಿಂತಿದ್ದಾನೆ. ಮಗ ಮೇಲೆ ಹೋಗುತ್ತಾನೆ. ತಂದೆ ಬೆಂಚಿನ ಮೇಲೆ ಕುಳಿತುಬಿಡುತ್ತಾನೆ. ಸೇವಕನೊಬ್ಬ ಕಿಟಕಿ ಮುಚ್ಚುತ್ತಾನೆ. ಗಾಜಿನ ಮೇಲಿನ ಬಿಸಿಲು ಆರ್ಚರನ ಕಣ್ಣಿಗೆ ಹೊಡೆಯುತ್ತದೆ.

ಈ ಬೆಳಕು ಕಾದಂಬರಿಯದಲ್ಲ, ಚಿತ್ರದ್ದು. ಕಾದಂಬರಿಯಲ್ಲಿ ಒಳಗೆ ದೀಪ ಕಾಣಿಸಿ, ಸೇವಕ ಕಿಟಕಿಯ ಕದಗಳನ್ನು ಮುಚ್ಚುತ್ತಾನೆ, ಅಷ್ಟೇ. ಚಿತ್ರದಲ್ಲಿ ಆರ್ಚರ್ ಕಣ್ಣು ಮುಚ್ಚಿದಾಗ ಹಳೆಯ ನ್ಯೂಪೋರ್ಟ್ ಕಡಲತೀರ ಕಾಣುತ್ತದೆ. ಅಂದು ಎಲೆನ್ ಬೆನ್ನು ತಿರುಗಿಸಿ ನಿಂತಿದ್ದಳು. ಹಾಯಿದೋಣಿ ದೀಪಸ್ತಂಭವನ್ನು ದಾಟುವ ಮೊದಲು ಆಕೆ ತಿರುಗಿದರೆ ಹತ್ತಿರ ಹೋಗುತ್ತೇನೆಂದು ಆತ ಪಣ ತೊಟ್ಟಿದ್ದ. ಆಕೆ ತಿರುಗಲಿಲ್ಲ. ಈಗ, ನೆನಪಿನಲ್ಲಿ, ಆಕೆ ತಿರುಗಿ ನಗುತ್ತಾಳೆ!

ವಿಜ್ಞಾನ ಓದಿದವನಾದ್ದರಿಂದ ನನಗೆ ತೋಚುವುದಿಷ್ಟು. ಕನ್ನಡಿಯನ್ನು ಹತ್ತು ಡಿಗ್ರಿ ತಿರುಗಿಸಿದರೆ ಪ್ರತಿಫಲಿತ ಕಿರಣ ಇಪ್ಪತ್ತು ಡಿಗ್ರಿ ತಿರುಗುತ್ತದೆ. ಕಿಟಕಿ ಮುಚ್ಚುವಾಗ ಬೆಳಕು ಬೀದಿಯ ಮೇಲೆ ಹಾದುಹೋಗುವುದು ಸಹಜ. ಅದರಲ್ಲಿ ಸಂದೇಶವೇನೂ ಇಲ್ಲ. ಅರ್ಥ ಕೊಟ್ಟವನು ಆರ್ಚರ್. ಅಂದು ದೋಣಿಗೆ ಬಿಟ್ಟ ತೀರ್ಮಾನವನ್ನು ಇಂದು ಕಿಟಕಿಗೆ ಬಿಟ್ಟಿದ್ದಾನೆ.

ಹಾಗಾದರೆ ಇದು ಹೇಡಿತನವೇ? ಅಷ್ಟೇ ಎನ್ನಲಾರೆ. ಸ್ವಲ್ಪ ಮೊದಲು ಮಗ ಒಂದು ಮಾತು ಹೇಳಿರುತ್ತಾನೆ: ಅಪ್ಪ ತನಗೆ ಅತ್ಯಂತ ಪ್ರಿಯವಾದುದನ್ನು ಅಮ್ಮನ ಕೋರಿಕೆಯಂತೆ ಬಿಟ್ಟುಕೊಟ್ಟನೆಂದು ಸಾಯುವ ಮುನ್ನ ಅಮ್ಮನೇ ತಿಳಿಸಿದ್ದಳಂತೆ. ಮೇ ಎಂದೂ ಕೇಳಿರಲಿಲ್ಲ. ಏನೂ ಅರಿಯದವಳೆಂದು ಆತ ಭಾವಿಸಿದ್ದ ಹೆಂಡತಿಗೆ ಎಲ್ಲವೂ ತಿಳಿದಿತ್ತು! ಮಹಡಿ ಹತ್ತದವನು ಈ ಸುದ್ದಿಯ ಭಾರವನ್ನೂ ಹೊತ್ತವನು.

ಎಲೆನ್ ಅಂದು ತಿರುಗದಿದ್ದುದೂ ಬೇಕೆಂದೇ. ಆತ ಬಂದದ್ದು ಆಕೆಗೆ ಗೊತ್ತಿತ್ತು. ಇಬ್ಬರು ಹೆಂಗಸರೂ ಅರಿತಿದ್ದರು, ಇಬ್ಬರೂ ಸುಮ್ಮನಿದ್ದರು. ಶೀರ್ಷಿಕೆಯ ‘ಮುಗ್ಧತೆ’ ಕೊನೆಗೆ ಉಳಿದದ್ದು ಆರ್ಚರನಲ್ಲಿ ಮಾತ್ರ.

ಚಿತ್ರವನ್ನು ಮತ್ತೆ ನೋಡುವಾಗ ಮುಚ್ಚುವ ಕಿಟಕಿಯನ್ನಷ್ಟೇ ಅಲ್ಲ, ಅದಕ್ಕೆ ಮೊದಲಿನ ತಂದೆಮಗನ ಸಂಭಾಷಣೆಯನ್ನೂ ಗಮನವಿಟ್ಟು ಕೇಳಿ. ನಮ್ಮ ಮನೆಗಳಲ್ಲೂ ಕೇಳದೆ ಉಳಿದ ಕೋರಿಕೆಗಳು ಎಷ್ಟಿವೆಯೋ, ಒಮ್ಮೆ ಯೋಚಿಸಿ.