ಅಂತರಜಾಲದ ವಿಜ್ಞಾನವೂ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವರ್ಷವರ್ಷವೂ ಜೂನ್ ತಿಂಗಳು ಸಮೀಪಿಸುತ್ತಲೆ ಕಾಸರಗೋಡು ಸೀಮೆಯ ನಮ್ಮ ಮನೆಗಳಲ್ಲಿ ಒಂದು ಚರ್ಚೆ ತಲೆದೋರುವುದುಂಟು. ಮಗುವನ್ನು ಕನ್ನಡ ಮಾಧ್ಯಮದಲ್ಲಿಯೇ ಮುಂದುವರಿಸುವುದೆ, ಇಲ್ಲವೆ ಎಂಟನೆಯ ತರಗತಿಯಿಂದಲಾದರೂ ಇಂಗ್ಲಿಷಿಗೆ ಬದಲಾಯಿಸುವುದೆ? ಬದಲಾಯಿಸಬೇಕೆನ್ನುವವರು ಮುಂದಿಡುವ ಕಾರಣ ಬಹುಮಟ್ಟಿಗೆ ಒಂದೇ. ‘ಕಥೆ ಕವಿತೆಗಳಿಗೆ ಕನ್ನಡ ಸಾಕು, ವಿಜ್ಞಾನಕ್ಕೆ ಸಾಲದು. ಈಗ ಎಲ್ಲ ವಿದ್ಯೆಯೂ ಮೊಬೈಲಿನಲ್ಲಿದೆ, ಆದರೆ ಇಂಗ್ಲಿಷಿನಲ್ಲಿದೆ.’ ಈ ಮಾತಿನಲ್ಲಿ ನಿಜವೆಷ್ಟು, ಬರಿಯ ಕೇಳಿಕೆ ಎಷ್ಟು ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರಮಾಡಬಯಸುವೆನು.

ವಿಜ್ಞಾನವು ಕನ್ನಡಕ್ಕೆ ನಿನ್ನೆ ಮೊನ್ನೆ ಬಂದ ನೆಂಟನಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಮಿತ್ರರೂ ‘ವಿಜ್ಞಾನ’ ಎಂಬ ಹೆಸರಿನ ಮಾಸಪತ್ರಿಕೆಯನ್ನು ಹೊರಡಿಸಿದುದು 1918ರಲ್ಲಿ. ನಮ್ಮ ನೆರೆಯ ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ, ಮುಂದೆ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಒಬ್ಬಂಟಿಗರಾಗಿ ರಚಿಸಿದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ವು 1978ರಲ್ಲಿ ಆರಂಭವಾಯಿತು. ಇಷ್ಟು ಹಿನ್ನೆಲೆಯುಳ್ಳ ಭಾಷೆಗೆ ವಿಜ್ಞಾನ ಹೇಳುವ ಶಕ್ತಿಯಿಲ್ಲವೆಂದರೆ ಒಪ್ಪುವುದು ಹೇಗೆ? ಶಕ್ತಿಯುಂಟು, ಆದರೆ ಹೊಸ ಸಾಧನದಲ್ಲಿ ಅದರ ಫಸಲು ಇನ್ನೂ ತೆಳುವಾಗಿದೆ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ.

ಮೊದಲು ಕೈಗೆಟಕುವುದನ್ನು ಹೇಳುತ್ತೇನೆ. ಕೇರಳ ಸರಕಾರದ ‘ಕೈಟ್’ ಸಂಸ್ಥೆಯ ‘ಸಮಗ್ರ’ ಎಂಬ ತಾಣದಲ್ಲಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಬೆಲೆಯಿಲ್ಲದೆ ದೊರಕುವುವು. 2020ರ ಜೂನ್ ತಿಂಗಳಲ್ಲಿ, ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಿದ್ದಾಗ, ಅದೇ ಸಂಸ್ಥೆಯು ವಿಕ್ಟರ್ಸ್ ವಾಹಿನಿಯ ಮೂಲಕ ‘ಫಸ್ಟ್ ಬೆಲ್’ ಪಾಠಗಳನ್ನು ಆರಂಭಿಸಿತು. ಕನ್ನಡ ಮಾಧ್ಯಮದವರಿಗೂ ಪಾಠಗಳು ತಯಾರಾದುವು. ಗಡಿಯಾಚೆ ಕರ್ನಾಟಕದ ಮಕ್ಕಳಿಗೆಂದು ‘ದೀಕ್ಷಾ’ದಲ್ಲಿ ಇಟ್ಟಿರುವ ಪಾಠಗಳನ್ನು ನೋಡಲು ನಮಗೆ ಯಾರ ಅಡ್ಡಿಯೂ ಇಲ್ಲ. ಪಾಠಗಳ ಅನುಕ್ರಮ ಮಾತ್ರ ಬೇರೆ. ಆದುದರಿಂದ ಅಧ್ಯಾಯದ ಸಂಖ್ಯೆಯನ್ನು ಹಿಡಿದು ಹುಡುಕದೆ ವಿಷಯದ ಹೆಸರನ್ನು ಹಿಡಿದು ಹುಡುಕುವುದು ಲೇಸು. ಖಾನ್ ಅಕಾಡೆಮಿಯವರ ಕನ್ನಡ ಪುಟಗಳೂ ಇವೆ.

ಇವೆಲ್ಲ ಬಹುತೇಕ ಓದುವ, ಕೇಳುವ, ನೋಡುವ ಸಾಮಗ್ರಿಗಳು. ನನ್ನ ಮನಸ್ಸಿಗೆ ಹೆಚ್ಚು ಒಪ್ಪಿರುವುದು ಬೇರೊಂದು. ಅಮೆರಿಕೆಯ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಕಾರ್ಲ್ ವೀಮನ್ ಎಂಬ ಭೌತವಿಜ್ಞಾನಿ, 2001ರ ನೊಬೆಲ್ ಪಾರಿತೋಷಕ ಪಡೆದವರು, ಮರುವರ್ಷವೇ ‘ಫೆಟ್’ ಎಂಬ ಯೋಜನೆಯನ್ನು ಸ್ಥಾಪಿಸಿದರು. ಅದರ ಪ್ರಯೋಗಗಳನ್ನು ಮಗು ಬರಿದೆ ನೋಡುತ್ತ ಕುಳಿತುಕೊಳ್ಳುವಂತಿಲ್ಲ, ತಾನೇ ಮಾಡಬೇಕು. ಅವುಗಳಲ್ಲಿ ಹಲವು ಕನ್ನಡದಲ್ಲಿಯೂ ಇವೆ. ಒಮ್ಮೆ ಇಳಿಸಿಕೊಂಡರೆ ಮತ್ತೆ ಜಾಲದ ಸಂಪರ್ಕ ಬೇಡ. ಮಳೆಗಾಲದಲ್ಲಿ ಗುಡ್ಡದ ಮರೆಯ ನಮ್ಮ ಮನೆಗಳಲ್ಲಿ ಸಂಪರ್ಕವು ಎಷ್ಟು ಹೊತ್ತು ಉಳಿಯುವುದೆಂಬುದನ್ನು ಬಲ್ಲ ತಮಗೆ ಈ ಸೌಕರ್ಯದ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

ಲೋಲಕದ ಪ್ರಯೋಗವನ್ನೇ ತೆಗೆದುಕೊಳ್ಳಿ. ತೆರೆಯ ಮೇಲೆ ಗುಂಡೊಂದು ತೂಗುತ್ತಿರುವುದು. ದಾರವನ್ನು ಉದ್ದ ಮಾಡಬಹುದು, ಗುಂಡನ್ನು ಭಾರ ಮಾಡಬಹುದು, ಇಡಿಯ ಲೋಲಕವನ್ನೇ ಭೂಮಿಯಿಂದ ಚಂದ್ರನಿಗೋ ಗುರುಗ್ರಹಕ್ಕೋ ಒಯ್ಯಬಹುದು. ಗುಂಡು ಭಾರವಾದರೆ ಬೇಗ ತೂಗುವುದೆಂದು ಮಕ್ಕಳು ಸಾಮಾನ್ಯವಾಗಿ ಊಹಿಸುತ್ತಾರೆ, ದೊಡ್ಡವರೂ ಊಹಿಸುತ್ತಾರೆ. ತೂಗು ಕಿರಿದಾಗಿರುವಾಗ ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿ ಬರಲು ಭೂಮಿಯ ಮೇಲೆ ಸುಮಾರು 2 ಸೆಕೆಂಡು ಹಿಡಿಯುತ್ತದೆ; ಗುಂಡು ಹಗುರವಾದರೂ ಅಷ್ಟೇ, ಭಾರವಾದರೂ ಅಷ್ಟೇ. ಗುರುತ್ವವು ಆರನೆಯ ಒಂದು ಪಾಲಾಗಿರುವ ಚಂದ್ರನಲ್ಲಿ ಅದೇ ಲೋಲಕಕ್ಕೆ 5 ಸೆಕೆಂಡಿಗೆ ತುಸು ಕಡಮೆ ಸಾಕು. ಕೊನೆಗೆ ಹೆಸರು ತಿಳಿಯದ ಒಂದು ಗ್ರಹವೂ ಅಲ್ಲಿದೆ. ಲೋಲಕ ತೂಗುವ ಕಾಲವನ್ನು ಅಳೆದು ಆ ಗ್ರಹದ ಗುರುತ್ವವೆಷ್ಟೆಂಬುದನ್ನು ಹುಡುಗನೇ ಕಂಡುಹಿಡಿಯಬೇಕು. ಇಂತಹ ಪ್ರಶ್ನೆಗೆ ಗೈಡು ಪುಸ್ತಕದಲ್ಲಿ ಉತ್ತರ ಹುಡುಕಿ ಫಲವಿಲ್ಲ.

ಆದರೆ ತೆರೆಯ ಮೇಲಿನದು ಚಿತ್ರವೇ ಹೊರತು ಪ್ರಕೃತಿಯಲ್ಲ. ಆದುದರಿಂದ ಅದೇ ಸಂಜೆ ಮಾಡಿನ ಅಡ್ಡಕ್ಕೆ ದಾರ ಕಟ್ಟಿ, ಕೆಳಗೆ ಕಲ್ಲು ತೂಗಬಿಟ್ಟು ಎಣಿಸಬೇಕು. ಒಂದು ಮೀಟರಿನ ದಾರವಾದರೆ ಹತ್ತು ತೂಗಿಗೆ 20 ಸೆಕೆಂಡು. ಕಾಲು ಮೀಟರಿನದಾದರೆ 10. ಉದ್ದವು ನಾಲ್ಕು ಪಟ್ಟಾದಾಗ ಕಾಲವು ಎರಡೇ ಪಟ್ಟಾಗುವುದನ್ನು ತನ್ನ ಬೆರಳಿನಿಂದ ಎಣಿಸಿದ ಹುಡುಗಿಗೆ ವರ್ಗಮೂಲವೆಂದರೇನೆಂದು ಮತ್ತೆ ಹೇಳಿಕೊಡಬೇಕಾಗದು. ಗುಜರಿ ಸಾಮಾನುಗಳಿಂದ ವಿಜ್ಞಾನದ ಆಟಿಕೆಗಳನ್ನು ಮಾಡಿ ತೋರಿಸುವ ಅರವಿಂದ ಗುಪ್ತರ ತಾಣವು ಈ ಕಾರ್ಯಕ್ಕೆ ಉತ್ತಮ ಜೊತೆ.

ಆಕಾಶದ ವಿಷಯವನ್ನೂ ಹೇಳದೆ ಬಿಡಲಾರೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ 9 ಗಂಟೆ 25 ನಿಮಿಷದ ಸುಮಾರಿಗೆ ಸೂರ್ಯನು ಕಂಕಣವಾಗಿ ಕಾಣಿಸಿಕೊಂಡನು. ಅಂದು ಏಳೆಂಟು ವರ್ಷದವರಾಗಿದ್ದ ಮಕ್ಕಳು ಇಂದು ಪ್ರೌಢಶಾಲೆಯಲ್ಲಿದ್ದಾರೆ. ‘ಸ್ಟೆಲ್ಲೇರಿಯಂ’ ಎಂಬ ಉಚಿತ ತಂತ್ರಾಂಶದಲ್ಲಿ ಊರನ್ನೂ ತಾರೀಕನ್ನೂ ಕೊಟ್ಟರೆ ಆ ಮುಂಜಾವನ್ನು ಮತ್ತೆ ನೋಡಬಹುದು. 2031ರ ಮೇ 21ರಂದು ಕೇರಳದ ದಕ್ಷಿಣ ಭಾಗದ ಮೇಲೆ ಹಾದುಹೋಗಲಿರುವ ಕಂಕಣಗ್ರಹಣವನ್ನು ಈಗಲೇ ನೋಡಬಹುದು. ಗ್ರಹಣದ ದಿನ ಮಕ್ಕಳನ್ನು ಒಳಗೆ ಕೂಡಿಹಾಕುವ ಹಿರಿಯರು ಇನ್ನೂ ಇರುವ ಮನೆಗಳಿಗೆ ಇದನ್ನು ವಿಶೇಷವಾಗಿ ಶಿಫಾರಸು ಮಾಡುವೆನು.

ಇನ್ನು ತೊಡಕಿನ ಮಾತು. ನಮ್ಮ ಹುಡುಗನು ಶಾಲೆಯಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದು ಓದುತ್ತಾನೆ. ನೆರೆಮನೆಯ ಗೆಳೆಯನು ಮಲೆಯಾಳದಲ್ಲಿ ‘ಪ್ರಕಾಶಸಂಶ್ಲೇಷಣಂ’ ಎನ್ನುತ್ತಾನೆ. ಹನ್ನೊಂದನೆಯ ತರಗತಿಗೆ ಕಾಲಿಟ್ಟೊಡನೆ ಅದೇ ವಸ್ತು ‘ಫೋಟೋಸಿಂಥೆಸಿಸ್’ ಆಗಿ ಎದುರು ನಿಲ್ಲುತ್ತದೆ. ಹತ್ತನೆಯ ತರಗತಿಯಲ್ಲಿ ಜಾಣನೆನಿಸಿಕೊಂಡವನು ಆ ಮೊದಲ ಮೂರು ತಿಂಗಳಲ್ಲಿ ಬಾಯಿ ಕಟ್ಟಿದವನಂತೆ ಕುಳಿತಿರುವುದನ್ನು ಕಂಡ ತಾಯಿತಂದೆಗಳು ಈ ಸಭೆಯಲ್ಲಿಯೂ ಇದ್ದಾರೆ. ಅವರ ಭಯವನ್ನು ಭಾಷಾಭಿಮಾನದ ಮಾತಿನಿಂದ ಅಡಗಿಸಹೊರಡುವುದು ನ್ಯಾಯವಲ್ಲ. ನನಗೆ ತೋರುವ ಉಪಾಯವಿಷ್ಟು: ಎಂಟನೆಯ ತರಗತಿಯಿಂದಲೇ ಮಗು ಒಂದು ನೋಟುಪುಸ್ತಕವಿಟ್ಟು, ಕನ್ನಡ, ಮಲೆಯಾಳ, ಇಂಗ್ಲಿಷ್ ಮೂರು ಹೆಸರುಗಳನ್ನೂ ಒಂದೇ ಸಾಲಿನಲ್ಲಿ ಬರೆಯುತ್ತ ಹೋಗಲಿ. ಮೊದಲು ಕನ್ನಡದ ಪಾಠ ನೋಡಿ ಅರ್ಥ ಮಾಡಿಕೊಂಡು, ಬಳಿಕ ಅದೇ ವಿಷಯದ ಇಂಗ್ಲಿಷ್ ಪಾಠವನ್ನು ನೋಡಲಿ. ಅರ್ಥವು ಮೊದಲೇ ತಿಳಿದಿರುವಾಗ ಹೊಸ ಶಬ್ದವು ಭಾರವಾಗುವುದಿಲ್ಲ. ತಿಂಗಳಿಗೆ ಇಪ್ಪತ್ತು ಶಬ್ದಗಳಾದರೆ ಮೂರು ವರ್ಷಕ್ಕೆ ಏಳುನೂರಕ್ಕೂ ಮಿಗಿಲು. ಹನ್ನೊಂದನೆಯ ತರಗತಿಯ ಹೊಸ್ತಿಲು ದಾಟಲು ಅಷ್ಟು ಬಂಡವಾಳ ಸಾಕು.

ಹಣ ಕೇಳುವ ಟ್ಯೂಶನ್ ಕಂಪೆನಿಗಳ ಜಾಹೀರಾತುಗಳಿಗೆ ಮರುಳಾಗಬೇಡಿರೆಂದು ಮಾತ್ರ ಹೇಳಿ ಮುಂದುವರಿಯುತ್ತೇನೆ. ನಾನು ಹೆಸರಿಸಿದ ಯಾವುದಕ್ಕೂ ಹಣ ತೆರಬೇಕಾಗಿಲ್ಲ. ಮನೆಗೊಂದೇ ಮೊಬೈಲಿದ್ದು, ಅದು ಅಣ್ಣನ ಕೈಯಲ್ಲಿಯೇ ಇರುವ ಮನೆಗಳಲ್ಲಿ ತಂಗಿಗೂ ದಿನಕ್ಕೆ ಒಂದು ಗಂಟೆ ಮೀಸಲಾಗಿಡಿರಿ.

ಸಂಘದ ಮುಂದೆ ಎರಡು ಸೂಚನೆಗಳನ್ನಿಡುತ್ತೇನೆ. ನಮ್ಮ ವಾಚನಾಲಯದಲ್ಲಿ ಒಂದು ಗಣಕಯಂತ್ರವನ್ನಿರಿಸಿ, ಈ ಪ್ರಯೋಗಗಳನ್ನೆಲ್ಲ ಅದರಲ್ಲಿ ಇಳಿಸಿಟ್ಟು, ಶನಿವಾರ ಸಂಜೆ ಮಕ್ಕಳಿಗೆ ಬಿಟ್ಟುಕೊಡಬೇಕು. ಎರಡನೆಯದು ನೆರಳಿಲ್ಲದ ದಿನ. ಸೂರ್ಯನು ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುವುದು ವರ್ಷದಲ್ಲಿ ಎರಡು ಸಲ: ಏಪ್ರಿಲ್ 23ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 19-20ರ ಆಸುಪಾಸಿನಲ್ಲಿ ಮತ್ತೊಮ್ಮೆ. ಆಗಸ್ಟಿನಲ್ಲಿ ಮೋಡವನ್ನು ನಂಬುವಂತಿಲ್ಲ. ಬರುವ ಏಪ್ರಿಲಿನಲ್ಲಿ ಈ ಅಂಗಳದಲ್ಲಿಯೇ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸೋಣ. ಗಡಿಯಾರದ ಹನ್ನೆರಡಕ್ಕೆ ಅದರ ನೆರಳು ಮಾಯವಾಗದು; ಭಾರತದ ಕಾಲವನ್ನು ನಮಗಿಂತ ಏಳೂವರೆ ಡಿಗ್ರಿ ಪೂರ್ವದ ರೇಖೆಯಿಂದ ಎಣಿಸುವ ಕಾರಣ 12 ಗಂಟೆ 28 ನಿಮಿಷದವರೆಗೆ ಕಾಯಬೇಕು. ಮಕ್ಕಳು ಅಳತೆಪಟ್ಟಿಯನ್ನೂ ನೋಟುಪುಸ್ತಕವನ್ನೂ ತೆಗೆದುಕೊಂಡು ಹನ್ನೆರಡಕ್ಕೇ ಬರಲಿ. ಬಿಸಿಲು ಬಹಳವಿರುವುದರಿಂದ ಮಜ್ಜಿಗೆಯ ಏರ್ಪಾಟನ್ನು ಸಂಘದವರು ಮಾಡುವರೆಂದು ನಂಬಿದ್ದೇನೆ.