ಗಿಡ್ಡ ನಳಿಗೆಯ ರೈಫಲ್ಲು ಮತ್ತು ದೂರದ ಗುರಿ

(ಕಾಡಂಚಿನ ಗ್ರಾಮಗಳ ರೈತರಿಗಾಗಿ ಏರ್ಪಟ್ಟ ಬೆಳೆ ರಕ್ಷಣೆಯ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಬತ್ತದ ತೆನೆಗೆ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಯ ಹಿಂಡು ಒಂದೇ ಒಂದು ರಾತ್ರಿ ಗದ್ದೆಗೆ ಇಳಿದರೆ ಬೆಳಿಗ್ಗೆ ಅಲ್ಲಿ ಏನು ಉಳಿದಿರುತ್ತದೆಂಬುದನ್ನು ಮಲೆನಾಡಿನ ರೈತರಿಗೆ ಹೇಳಬೇಕಾಗಿಲ್ಲ. ಹಂದಿ ತಿಂದದ್ದಕ್ಕಿಂತ ತುಳಿದು, ಹೊರಳಾಡಿ ಹಾಳುಮಾಡಿದ್ದೇ ಹೆಚ್ಚು. ಮೆಕ್ಕೆಜೋಳ, ಗೆಣಸು, ಕಬ್ಬು, ನೆಲಗಡಲೆ ಯಾವುದನ್ನೂ ಅದು ಬಿಡುವುದಿಲ್ಲ. ಮಾಳ ಕಟ್ಟಿ, ಡಬ್ಬ ಬಡಿದು, ಬೆಂಕಿ ಹಾಕಿ, ತಿಂಗಳುಗಟ್ಟಲೆ ನಿದ್ದೆಗೆಟ್ಟ ರೈತನಿಗೆ ಒಳ್ಳೆಯ ಕೋವಿಯೊಂದಿದ್ದರೆ ಎಂಬ ಆಸೆ ಹುಟ್ಟುವುದು ಸಹಜ.

ಈಚೆಗೆ ಆ ಆಸೆ ಹೊಸ ರೂಪ ತಾಳಿದೆ. ಪರದೇಶದ ಬೇಟೆಯ ಚಿತ್ರಗಳನ್ನು ಊರಿನ ಹುಡುಗರು ಮೊಬೈಲಿನಲ್ಲಿ ನೋಡುತ್ತಾರೆ. ಗುಡ್ಡದ ನೆತ್ತಿಯಲ್ಲಿ ಒಬ್ಬ ಮಲಗಿರುತ್ತಾನೆ. ಅವನ ಕೈಯಲ್ಲಿ ಮೋಟು ರೈಫಲ್ಲು, ಅದರ ಮೇಲೆ ದುರ್ಬೀನು. ಎದುರು ಗುಡ್ಡದಲ್ಲಿ 500 ಗಜ ದೂರ ನಿಂತ ಜಿಂಕೆ ಒಂದೇ ಈಡಿಗೆ ಉರುಳುತ್ತದೆ. ‘ಅಂಥದೊಂದು ಸಿಕ್ಕಿದ್ದರೆ ಮನೆಯ ಜಗಲಿಯಿಂದಲೇ ಹಂದಿ ಹೊಡೆಯಬಹುದಿತ್ತಲ್ಲ’ ಎಂಬ ಮಾತು ಆಮೇಲೆ ಬರುತ್ತದೆ. ಪಂಪ್‌ಸೆಟ್ ಕೊಳ್ಳುವವರು ಮೊದಲು ಬಾವಿಯ ಆಳ ನೋಡುತ್ತಾರೆ. ಈ ರೈಫಲ್ಲನ್ನೂ ಹಾಗೆಯೇ ನೋಡತಕ್ಕದ್ದು. ಅದು ಯಾವ ಕೆಲಸಕ್ಕೆ ಹುಟ್ಟಿತು, ದೂರದ ಗುರಿಗೆ ನಿಜವಾಗಿ ಎಷ್ಟರ ಮಟ್ಟಿಗೆ ಆಗಿಬರುತ್ತದೆ, ಕೊನೆಗೆ ಗದ್ದೆಯ ಬದುವಿನ ಮೇಲೆ ಅದರ ಗತಿಯೇನು?

ಬೋಲ್ಟ್ ರೈಫಲ್ಲಿನ ರಚನೆ ಸರಳ. ಬಾಗಿಲಿನ ಚಿಲಕದಂತಹ ಒಂದು ಉಕ್ಕಿನ ಸರಳು ಅದರಲ್ಲಿದೆ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟೆ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿ ಕೆಳಗೆ ಮಡಿಸಿದರೆ ಹೊಸ ತೋಟೆ ನಳಿಗೆಗೆ ಸೇರಿ ಬಾಗಿಲು ಭದ್ರವಾಗುತ್ತದೆ. ಜರ್ಮನಿಯ ಮೌಸರ್ 1898ರಲ್ಲಿ ಈ ಚಿಲಕಕ್ಕೆ ಕೊಟ್ಟ ರೂಪವೇ ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಇಂದಿಗೂ ಬಹುಪಾಲು ಬೇಟೆಯ ರೈಫಲ್ಲುಗಳಲ್ಲಿದೆ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗಾಡಿ ಕೊರೆದಿರುವುದರಿಂದ ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಹೋಗುತ್ತದೆ. ನಯ ನಳಿಗೆಯ ಕೋವಿಗೂ ರೈಫಲ್ಲಿಗೂ ಇರುವ ಮುಖ್ಯ ಭೇದ ಇದೇ.

ಸಾಧಾರಣ ಬೇಟೆ ರೈಫಲ್ಲಿನ ನಳಿಗೆ 22ರಿಂದ 24 ಅಂಗುಲ. ಗಿಡ್ಡ ರೈಫಲ್ಲಿನದು 16ರಿಂದ 20 ಅಂಗುಲ. ಅಮೆರಿಕದ ರೆಮಿಂಗ್‌ಟನ್ ಕಂಪನಿ 1983ರಲ್ಲಿ ಹೊರತಂದ ‘ಮಾಡೆಲ್ ಸೆವೆನ್’ ಎಂಬುದಕ್ಕೆ ಹದಿನೆಂಟೂವರೆ ಅಂಗುಲದ ನಳಿಗೆ ಇತ್ತು. ಪೊದೆಗಳ ನಡುವೆ ನುಗ್ಗುವವರು, ದಿನವಿಡೀ ಗುಡ್ಡ ಹತ್ತುವವರು ಇಂಥದನ್ನು ಮೆಚ್ಚುತ್ತಾರೆ.

ಇದರ ಉಪಯೋಗವನ್ನು ಚೆನ್ನಾಗಿ ಕಾಣಬೇಕಾದರೆ ನ್ಯೂಜಿಲೆಂಡಿನತ್ತ ನೋಡಬೇಕು. ಆ ದೇಶದಲ್ಲಿ ಮೂಲತಃ ಜಿಂಕೆಯೇ ಇರಲಿಲ್ಲ. 1851ರಿಂದ ಮೊದಲ್ಗೊಂಡು ಬ್ರಿಟನ್ನಿನಿಂದ ಕೆಂಪು ಜಿಂಕೆಗಳನ್ನು ಹಡಗಿನಲ್ಲಿ ತಂದು ಬಿಟ್ಟರು. ಸಿಂಹಳದ ಕಡವೆಯನ್ನೂ, 1904ರಲ್ಲಿ ಹಿಮಾಲಯದ ಥಾರ್ ಎಂಬ ಕಾಡುಮೇಕೆಯನ್ನೂ ತಂದರು. ಹುಲಿ, ಚಿರತೆ, ಕಾಡುನಾಯಿ ಯಾವುದೂ ಇಲ್ಲದ ನಾಡಿನಲ್ಲಿ ಅವು ಬೆಳೆದದ್ದೇ ಬೆಳೆದದ್ದು. ಬೆಟ್ಟದ ಹುಲ್ಲು ಬರಿದಾಯಿತು, ಮಣ್ಣು ಜಾರತೊಡಗಿತು, ಕುರಿಗಳ ಮೇವಿಗೆ ಕುತ್ತು ಬಂತು. 1930ರಲ್ಲಿ ಸರ್ಕಾರ ಜಿಂಕೆಗೆ ಇದ್ದ ರಕ್ಷಣೆಯನ್ನು ತೆಗೆದುಹಾಕಿ, ಸಂಬಳ ಕೊಟ್ಟು ಬೇಟೆಗಾರರನ್ನು ನೇಮಿಸಿತು. ಹೊರಗಿನಿಂದ ಬಂದ ಪ್ರಾಣಿಯನ್ನು ಹೊಡೆಯುವುದು ಅಲ್ಲಿ ಹೊಲದ ಕಳೆ ಕಿತ್ತಂತೆ. ಸದ್ದಡಗಿಸುವ ಕೊಳವೆಯನ್ನು ನಳಿಗೆಯ ತುದಿಗೆ ಸಿಕ್ಕಿಸಲು ಅಲ್ಲಿ ಅಡ್ಡಿಯಿಲ್ಲ. ಕೊಳವೆ ಸೇರಿದರೆ ರೈಫಲ್ಲು ಉದ್ದವಾಗಿ ತೊಡಕಾಗುವುದರಿಂದ ನಳಿಗೆಯನ್ನೇ ಮೋಟುಮಾಡುವ ವಾಡಿಕೆ ಬೆಳೆಯಿತು. ಅಲ್ಲಿಯ ಕಣಿವೆಗಳು ಬೋಳು. ಒಂದು ಗುಡ್ಡದಿಂದ ಎದುರು ಗುಡ್ಡದ ಪ್ರಾಣಿ ಹಾಡಹಗಲಲ್ಲಿ ಕಾಣುತ್ತದೆ, ಅದರ ಹಿಂದೆ ಮಣ್ಣಿನ ಗೋಡೆಯಂತೆ ಬೆಟ್ಟವಿರುತ್ತದೆ. ಈ ಸಂಗತಿ ಮುಂದೆ ಬೇಕಾಗುತ್ತದೆ.

ಇನ್ನು ಗಿಡ್ಡ ನಳಿಗೆಯಿಂದ ಆಗುವ ನಷ್ಟದ ಲೆಕ್ಕ. ಮದ್ದಿನ ಹೊಗೆಯ ಒತ್ತಡ ಗುಂಡನ್ನು ತಳ್ಳುವುದು ಗುಂಡು ನಳಿಗೆಯೊಳಗೆ ಇರುವಷ್ಟು ಕಾಲ ಮಾತ್ರ. ಆದ್ದರಿಂದ ನಳಿಗೆ ಒಂದು ಅಂಗುಲ ಮೋಟಾದರೆ ವೇಗ ಸೆಕೆಂಡಿಗೆ ಸುಮಾರು 20ರಿಂದ 25 ಅಡಿ ಕಡಿಮೆಯಾಗುತ್ತದೆ. 7 ಮಿಲಿಮೀಟರ್-08 ಎಂಬ ತೋಟೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 140 ಗ್ರೈನ್, ಎಂದರೆ ಸುಮಾರು 9 ಗ್ರಾಂ ತೂಕದ ಅದರ ಗುಂಡು 24 ಅಂಗುಲದ ನಳಿಗೆಯಿಂದ ಸೆಕೆಂಡಿಗೆ ಸುಮಾರು 2,800 ಅಡಿ ವೇಗದಲ್ಲಿ ಹೊರಟರೆ, ಹದಿನೆಂಟೂವರೆ ಅಂಗುಲದ ನಳಿಗೆಯಿಂದ 2,680 ಅಡಿಯ ಆಸುಪಾಸಿನಲ್ಲಿ ಹೊರಡುತ್ತದೆ. 200 ಗಜಕ್ಕೆ ಗುರಿ ಹೊಂದಿಸಿದ ರೈಫಲ್ಲಾದರೆ 400 ಗಜದಲ್ಲಿ ಉದ್ದ ನಳಿಗೆಯ ಗುಂಡು ಸುಮಾರು 21 ಅಂಗುಲ ಕೆಳಗಿಳಿದಿರುತ್ತದೆ, ಗಿಡ್ಡ ನಳಿಗೆಯದು 23 ಅಂಗುಲ. ವ್ಯತ್ಯಾಸ ಎರಡು, ಹೆಚ್ಚೆಂದರೆ ಮೂರು ಅಂಗುಲ. ಅಂಗಡಿಯ ಕಟ್ಟೆಯ ಮೇಲೆ ಇದೇ ವಿಷಯಕ್ಕೆ ಗಂಟೆಗಟ್ಟಲೆ ವಾದ ನಡೆಯುತ್ತದೆ!

ನಷ್ಟ ಮತ್ತೊಂದು ಕಡೆಯಲ್ಲೂ ಇದೆ. ಬೇಟೆಯ ಗುಂಡಿನ ಮೂತಿ ಮೆದು. ಪ್ರಾಣಿಗೆ ತಗಲಿದೊಡನೆ ಅದು ಅಣಬೆಯಂತೆ ಅರಳಬೇಕು. ಅರಳಲು ಅದಕ್ಕೆ ವೇಗ ಬೇಕು. ಬಹಳ ಬಗೆಯ ಗುಂಡುಗಳಿಗೆ ಸೆಕೆಂಡಿಗೆ 1,800 ಅಡಿ ಇದ್ದರೆ ಕ್ಷೇಮ. ಗಿಡ್ಡ ನಳಿಗೆಯ ಗುಂಡು ಈ ಮಟ್ಟಕ್ಕೆ ಐವತ್ತು ಅರುವತ್ತು ಗಜ ಮುಂಚೆಯೇ ಇಳಿಯುತ್ತದೆ. ಅದರಾಚೆ ತಗಲಿದ ಗುಂಡು ಸೂಜಿ ಚುಚ್ಚಿದಂತೆ ತೂರಿಹೋಗುತ್ತದೆ. ಪ್ರಾಣಿ ಗಾಯಗೊಂಡು ಎಲ್ಲೋ ಹೋಗಿ ನರಳಿ ಸಾಯುತ್ತದೆ. ಹೀಗಾಗಿ ದೂರವೇ ಮುಖ್ಯ ಎನ್ನುವವನಿಗೆ ಉದ್ದ ನಳಿಗೆಯೇ ವಾಸಿ.

ಆದರೆ ರೈಫಲ್ಲಿನ ತಪ್ಪಿಗಿಂತ ಹಿಡಿದವನ ತಪ್ಪು ಎಷ್ಟೋ ಪಾಲು ದೊಡ್ಡದು. 400 ಗಜ ದೂರದಲ್ಲಿರುವ ಜಿಂಕೆಯನ್ನು ಕಣ್ಣಂದಾಜಿನಲ್ಲಿ 350 ಗಜವೆಂದು ಎಣಿಸಿದರೆ ಗುಂಡು ಏಳೆಂಟು ಅಂಗುಲ ಕೆಳಗೆ ಬೀಳುತ್ತದೆ. ಗಂಟೆಗೆ 10 ಮೈಲಿ ವೇಗದ, ಎಂದರೆ ಎಲೆಗಳು ಬಿಡದೆ ಅಲುಗುವಷ್ಟು ಅಡ್ಡಗಾಳಿ ಬೀಸುತ್ತಿದ್ದರೆ ಅದೇ ದೂರದಲ್ಲಿ ಗುಂಡು ಪಕ್ಕಕ್ಕೆ ಹತ್ತು ಹನ್ನೊಂದು ಅಂಗುಲ ಸರಿಯುತ್ತದೆ. ಅಷ್ಟು ದೂರ ಹೋಗಲು ಗುಂಡಿಗೆ ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಮೇಯುವ ಪ್ರಾಣಿ ಒಂದು ಹೆಜ್ಜೆ ಇಟ್ಟಿರುತ್ತದೆ. ಜಿಂಕೆಯ ಎದೆಗೂಡಿನ ಮರ್ಮಸ್ಥಾನವಾದರೋ ಊಟದ ತಟ್ಟೆಯಷ್ಟು, ಎಂಟು ಹತ್ತು ಅಂಗುಲ. ಲೆಕ್ಕ ಹಾಕಿದವರಿಗೆ ವಿಷಯ ತಿಳಿಯುತ್ತದೆ. ಮೊಬೈಲಿನ ಚಿತ್ರದಲ್ಲಿ ತಪ್ಪಿದ ಈಡುಗಳನ್ನು ಯಾರೂ ತೋರಿಸುವುದಿಲ್ಲ.

ಹಗುರತನಕ್ಕೂ ಬೆಲೆಯಿದೆ. ಅದೇ ತೋಟೆ ಹಗುರ ರೈಫಲ್ಲಿನಲ್ಲಿ ಭುಜಕ್ಕೆ ಜೋರಾಗಿ ಒದೆಯುತ್ತದೆ, ಗಿಡ್ಡ ನಳಿಗೆಯ ಸದ್ದು ಕಿವಿಗೆ ಹತ್ತಿರವಾಗುತ್ತದೆ. ನಾಲ್ಕಾರು ಈಡು ಹಾರಿಸಿದ ಮೇಲೆ ಕುದುರೆ ಎಳೆಯುವ ಮುನ್ನವೇ ಕಣ್ಣು ಮುಚ್ಚುವ, ಭುಜ ಕುಗ್ಗಿಸುವ ಅಭ್ಯಾಸ ಅರಿವಿಲ್ಲದೆ ಬರುತ್ತದೆ. ತೆಳುವಾದ ನಳಿಗೆ ಬೇಗ ಕಾದು, ಮೂರನೆಯ ನಾಲ್ಕನೆಯ ಗುಂಡು ಮೊದಲಿನ ಜಾಗಕ್ಕೆ ಬೀಳದಿರುವುದೂ ಉಂಟು. ತೂಕವಿಲ್ಲದ್ದರಿಂದ ಉಸಿರಾಟಕ್ಕೆ, ಎದೆಬಡಿತಕ್ಕೆ ಮೂತಿ ಅಲುಗುತ್ತದೆ. ಬೆನ್ನ ಮೇಲೆ ಹೊರುವಾಗ ಸಿಕ್ಕ ಸುಖವನ್ನು ಗುರಿ ಹಿಡಿಯುವಾಗ ತೆರಬೇಕಾಗುತ್ತದೆ.

ಇಂಥ ರೈಫಲ್ಲನ್ನು ಪರೀಕ್ಷಿಸುವ ಸರಿಯಾದ ವಿಧಾನ ಯಾವುದು? ಮೇಜಿನ ಮೇಲೆ ಮರಳುಚೀಲವಿಟ್ಟು ನೂರು ಗಜಕ್ಕೆ ಮೂರು ಗುಂಡು ಹಾರಿಸಿ, ಮೂರೂ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬಿದ್ದವೆಂದು ಬೀಗಿದರೆ ಸಾಲದು. ಅದು ರೈಫಲ್ಲಿನ ಪರೀಕ್ಷೆಯಾಯಿತೇ ಹೊರತು ಬೇಟೆಗಾರನದಾಗಲಿಲ್ಲ. ಅಧಿಕೃತ ಗುರಿ ಅಭ್ಯಾಸದ ಮೈದಾನದಲ್ಲಿ, ಬೇರೆ ಬೇರೆ ದಿನ, ತಣ್ಣಗಿರುವ ನಳಿಗೆಯಿಂದ ಮೊದಲ ಗುಂಡು ಎಲ್ಲಿ ಬೀಳುತ್ತದೆಂದು ಗುರುತು ಹಾಕಿಕೊಳ್ಳಬೇಕು. ಬೇಟೆಯಲ್ಲಿ ಸಿಗುವುದು ಆ ಒಂದು ಗುಂಡೇ. ಆಮೇಲೆ ಎಂಟು ಅಂಗುಲದ ಕಾಗದದ ತಟ್ಟೆಯನ್ನು 100, 150, 200 ಗಜಕ್ಕೆ ಇಟ್ಟು ಮಲಗಿ, ಕುಳಿತು, ನಿಂತು ಐದೈದು ಗುಂಡು ಹಾರಿಸಬೇಕು. ಐದೂ ತಟ್ಟೆಯೊಳಗೆ ಬಿದ್ದ ದೂರವೇ ಆ ಮನುಷ್ಯನ ದೂರ. ನಿಂತು ಹೊಡೆಯುವಾಗ ನೂರು ಗಜಕ್ಕೇ ಐದನ್ನೂ ತಟ್ಟೆಗೆ ಹಾಕುವವರು ವಿರಳ. ಜೊತೆಗಾರನಿಂದ ತೋಟೆ ತುಂಬಿಸಿಕೊಂಡು, ಅವನು ಗೊತ್ತಿಲ್ಲದಂತೆ ನಡುವೆ ಒಂದು ಮದ್ದಿಲ್ಲದ ಅಣಕು ತೋಟೆ ಸೇರಿಸಿದರೆ ಭುಜ ಕುಗ್ಗಿಸುವ ಅಭ್ಯಾಸ ಕೂಡಲೇ ಹೊರಬೀಳುತ್ತದೆ.

ಈ ಎಲ್ಲ ಪರೀಕ್ಷೆಗಳ ಮೇಲೆ ಹೇಳಬಹುದಾದದ್ದು ಇಷ್ಟು: ಗಿಡ್ಡ ಬೋಲ್ಟ್ ರೈಫಲ್ಲು ಒಳ್ಳೆಯ ಆಯುಧ, ಪಳಗಿದವರ ಕೈಯಲ್ಲಿ, ಬೋಳು ಗುಡ್ಡದಲ್ಲಿ, ದೂರ ಅಳೆಯುವ ಸಾಧನವಿದ್ದು ಗಾಳಿ ಶಾಂತವಾಗಿದ್ದರೆ 300 ಗಜದವರೆಗೆ ನಂಬಬಹುದು. ಅದಕ್ಕೂ ಮೀರಿದ ದೂರದ ಮಾತು ಬಹುಮಟ್ಟಿಗೆ ಮಾರಾಟದ ಮಾತು.

ಈಗ ಗದ್ದೆಗೆ ಬರೋಣ. ಹಂದಿ ಬರುವುದು ರಾತ್ರಿ. ಮಲೆನಾಡಿನ ಗದ್ದೆಯ ಕೋವು ಅಡ್ಡಡ್ಡ ಅಳೆದರೆ ಅರುವತ್ತೋ ನೂರೋ ಗಜ. ಆಚೆ ಅಂಚಿನಲ್ಲಿ ಅಡಿಕೆ ತೋಟ, ತೋಟದ ಹಿಂದೆ ಮನೆ, ಪಕ್ಕದ ಗದ್ದೆಯ ಮಾಳದಲ್ಲಿ ಕಂಬಳಿ ಹೊದ್ದು ಕುಳಿತ ಇನ್ನೊಬ್ಬ ರೈತ. 12 ಬೋರಿನ ಕೋವಿಯ ಚರೆ ಮೂವತ್ತು ನಲವತ್ತು ಗಜದಾಚೆ ಬಲಗುಂದುತ್ತದೆ, ಒಂದು ಕಿಲೋಮೀಟರು ಮುಟ್ಟುವ ಮೊದಲೇ ನೆಲ ಸೇರುತ್ತದೆ. ರೈಫಲ್ಲಿನ ಗುಂಡು ಗುರಿ ತಪ್ಪಿ ಮೇಲೆ ಹೋದರೆ ಮೂರು ಕಿಲೋಮೀಟರಿಗೂ ಮೀರಿ ಹೋಗಬಲ್ಲದು. ಮಧ್ಯೆ ಎಷ್ಟು ಮನೆಗಳಿವೆಯೆಂದು ಅದು ನೋಡುವುದಿಲ್ಲ. ನ್ಯೂಜಿಲೆಂಡಿನ ಬೇಟೆಗಾರನಿಗೆ ಹಗಲಿನ ಬೆಳಕೂ ಪ್ರಾಣಿಯ ಹಿಂದೆ ಬೆಟ್ಟವೂ ಇತ್ತು. ಗದ್ದೆ ಕಾಯುವವನಿಗೆ ಎರಡೂ ಇಲ್ಲ. ಹಂದಿಯೆಂದು ಪೊದೆಗೆ ಹೊಡೆದ ಈಡಿಗೆ ನೆರೆಯವನೋ ಸ್ವಂತ ಅಣ್ಣತಮ್ಮನೋ ಬಲಿಯಾದ ಸುದ್ದಿ ಮಲೆನಾಡಿನಲ್ಲಿ, ಕೊಡಗಿನಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಹೋದ ಬೆಳೆ ಮುಂದಿನ ವರ್ಷ ಬಂದೀತು.

ಕಾನೂನು ಮಾಡಿದವರು ಇದನ್ನು ಯೋಚಿಸಿದ್ದಂತೆ ತೋರುತ್ತದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮು ಬೆಳೆ ರಕ್ಷಣೆಗೆಂದು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಪರವಾನಗಿ ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಯ ನಳಿಗೆಯ ಬೇರೆ ಕೋವಿ ಕೊಡಬಹುದು. ಬೆಳೆ ಕಾವಲಿಗೆ ರೈಫಲ್ಲಿನ ಪ್ರಸ್ತಾಪ ಅಲ್ಲಿಲ್ಲ. ಬಂಗಾಳದ ಇಷಾಪುರದ ಕಾರ್ಖಾನೆಯ .315 ರೈಫಲ್ಲು ಈ ದೇಶದಲ್ಲಿ ಬಹಳ ಕಾಲದಿಂದ ಪರಿಚಿತ. ಅದೂ ಬೋಲ್ಟ್ ರೈಫಲ್ಲೇ. ಗುಂಡು ತೂಕದ್ದು, ವೇಗ ಕಡಿಮೆ, ನೂರು ಗಜಕ್ಕೆ ಹೊಂದಿಸಿದರೆ ಇನ್ನೂರು ಗಜದಲ್ಲಿ ಒಂದು ಗೇಣು ಕೆಳಗಿಳಿಯುತ್ತದೆ. ಆದರೆ ಗುರಿ ತಪ್ಪಿದಾಗಿನ ಅಪಾಯ ಅದರಲ್ಲೂ ತಪ್ಪಿದ್ದಲ್ಲ.

ಕೋವಿ ಇದ್ದ ಮಾತ್ರಕ್ಕೆ ಹಾರಿಸುವಂತಿಲ್ಲ ಎಂಬುದನ್ನೂ ತಿಳಿದಿರಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಪ್ರಾಣಿಯ ಮೇಲೆ ಹಾರಿಸಲು ಆ ವಿನಾಯಿತಿ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸುತ್ತದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಅದು ನಿಂತ ಬೆಳೆಗೆ ಅಪಾಯಕಾರಿಯಾಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರೋ ಅವರು ಅಧಿಕಾರ ಕೊಟ್ಟ ಅಧಿಕಾರಿಯೋ 11ನೆಯ ಕಲಮಿನಂತೆ ಕಾರಣ ನಮೂದಿಸಿ ಲಿಖಿತ ಅಪ್ಪಣೆ ಕೊಡಬಹುದು. ಬಾಯಿಮಾತಿನ ಅಪ್ಪಣೆಗೆ ಬೆಲೆಯಿಲ್ಲ. ಬೆಳೆ ಹಾನಿಯ ಪರಿಹಾರಕ್ಕೆ ಅರ್ಜಿ ಹಾಕುವುದನ್ನಂತೂ ಯಾರೂ ಬಿಡಬಾರದು.

ಅಂಥ ಲಿಖಿತ ಅಪ್ಪಣೆ ಕೈಗೆ ಬಂದು, ಪರವಾನಗಿಯ ಕೋವಿಯೂ ಇದ್ದವರು ಹಗಲಲ್ಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸವೊಂದಿದೆ. ಅಟ್ಟಣೆಯನ್ನು ಹತ್ತು ಹನ್ನೆರಡು ಅಡಿ ಎತ್ತರಕ್ಕೆ ಕಟ್ಟಬೇಕು. ಅಲ್ಲಿಂದ ಹಾರಿಸಿದ ಈಡು ಕೆಳಮುಖವಾಗಿ ಹೋಗಿ ಗದ್ದೆಯ ಕೆಸರಿಗೇ ಇಳಿಯುತ್ತದೆ. ಅಟ್ಟಣೆಯಿಂದ ಮೂವತ್ತು ಮಾರು ಹೆಜ್ಜೆ ಎಣಿಸಿ ಸುಣ್ಣ ಬಳಿದ ಗೂಟಗಳನ್ನು ನೆಡಬೇಕು. ಗೂಟದಾಚೆ ಹಂದಿ ಎಷ್ಟೇ ದೊಡ್ಡದಿರಲಿ ಕೋವಿ ಎತ್ತುವಂತಿಲ್ಲ. ಮನೆ, ದಾರಿ, ಪಕ್ಕದ ಮಾಳ ಇರುವ ದಿಕ್ಕಿಗೆ ಅಟ್ಟಣೆಯ ಮೇಲೆ ಅಡ್ಡ ಬಿದಿರು ಕಟ್ಟಿದರೆ ಕತ್ತಲಲ್ಲೂ ನಳಿಗೆ ಆ ಕಡೆ ತಿರುಗದು. ಆ ರಾತ್ರಿ ಯಾರು ಯಾವ ಗದ್ದೆ ಕಾಯುತ್ತಾರೆಂದು ಸಂಜೆಯೇ ನೆರೆಯವರಿಗೆ ಹೇಳಿರಬೇಕು. ಬ್ಯಾಟರಿಯ ಬೆಳಕಿನಲ್ಲಿ ಪ್ರಾಣಿಯ ಪೂರ್ಣ ಮೈ ಕಾಣುವ ತನಕ ಬೆರಳನ್ನು ಕುದುರೆಯ ಹೊರಗೇ ಇಡಬೇಕು. ಬೆಳಗಿನ ಜಾವ ಅಟ್ಟಣೆಯಿಂದ ಇಳಿಯುವ ಮೊದಲು ತೋಟೆ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು.